ಸಿಕ್ಕಿಕೊಂಡ ಒಂದು ರೀಡ್

14 ಡಿಸೆಂಬರ್ 2025, ಭಾನುವಾರ

ಮೂರು ವಾರದಿಂದ ಬೆನ್ನು ಹತ್ತಿದ್ದ ಕೆಲಸ ಇವತ್ತು ದಾರಿಗೆ ಬಂತು: ಲಿನಕ್ಸ್ ಕರ್ನಲ್‌ನ ಎನ್‌ವಿಎಂಇ-ಟಿಸಿಪಿ ಡ್ರೈವರ್‌ಗೆ (ನೆಟ್‌ವರ್ಕ್‌ನಾಚೆಯ ಡಿಸ್ಕನ್ನು ಬಳಸಲು ಬಿಡುವ ಕೋಡ್) ಕ್ಯಾನ್ಸಲ್ ಕಮಾಂಡ್, ಅಂದರೆ ಮೊದಲು ಕಳಿಸಿದ ಕಮಾಂಡನ್ನು ನಿಲ್ಲಿಸೆಂದು ಕೇಳುವ ಕಮಾಂಡ್, ಸೇರಿಸುವುದು. ಸದ್ಯಕ್ಕೆ ನನ್ನ ಬ್ರಾಂಚ್‌ನಲ್ಲಿ (ಕೋಡಿನ ನನ್ನ ಪ್ರತಿಯಲ್ಲಿ) ಮಾತ್ರ.

ಡಿಸ್ಕಿಗೆ ಕಳಿಸಿದ ರೀಡ್ (ಓದುವ ಕಮಾಂಡ್) 30 ಸೆಕೆಂಡಾದರೂ ಮುಗಿಯದಿದ್ದರೆ ಡ್ರೈವರ್ ಏನಾದರೂ ಮಾಡಲೇಬೇಕು. ಮಷಿನ್ ಒಳಗಿನ ಎಸ್‌ಎಸ್‌ಡಿಯಾದರೆ ಮೊದಲು ಅಬಾರ್ಟ್ (ಆ ರೀಡ್ ನಿಲ್ಲಿಸೆಂಬ ಕಮಾಂಡ್) ಕಳಿಸುತ್ತದೆ, ಅದಕ್ಕೂ ಬಗ್ಗದಿದ್ದರೆ ಡಿಸ್ಕನ್ನು ನಡೆಸುವ ಕಂಟ್ರೋಲರ್‌ನ ರೀಸೆಟ್. ಟಿಸಿಪಿ ಮೇಲಿನ ಡಿಸ್ಕಿಗೆ ಆ ಮೊದಲ ಮೆಟ್ಟಿಲೇ ಇಲ್ಲ, ಸೀದಾ ಕನೆಕ್ಷನ್ ಕಿತ್ತು ಮತ್ತೆ ಜೋಡಿಸುತ್ತದೆ. ಒಂದೇ ಒಂದು ರೀಡ್ ಸಿಕ್ಕಿಕೊಂಡ ತಪ್ಪಿಗೆ ಜೊತೆಗಿದ್ದ ಕಮಾಂಡ್‌ಗಳಿಗೆಲ್ಲ ಶಿಕ್ಷೆ. ಇದು ನನಗೆ ಮೊದಲಿಂದಲೂ ಸರಿ ಕಂಡಿಲ್ಲ.

ಹಾಗಂತ ಇಲ್ಲಿಗೂ ಅಬಾರ್ಟ್ ತಂದರೆ ಸಾಲದು. ಅದು ಹೋಗುವುದು ಅಡ್ಮಿನ್ ಕ್ಯೂನಲ್ಲಿ (ನಿರ್ವಹಣೆಯ ಕಮಾಂಡ್‌ಗಳ ಸರದಿಯಲ್ಲಿ), ರೀಡ್ ಇರುವುದು ಇನ್ನೊಂದು ಕ್ಯೂನಲ್ಲಿ. ಟಿಸಿಪಿಯಲ್ಲಿ ಎರಡಕ್ಕೂ ಬೇರೆ ಬೇರೆ ಕನೆಕ್ಷನ್, ಯಾವುದು ಮೊದಲು ತಲುಪುತ್ತದೋ ಹೇಳಲಾಗದು. ಲಿನಕ್ಸ್‌ನ ಟಾರ್ಗೆಟ್ ಕೋಡ್ (ಡಿಸ್ಕ್ ಇರುವ ಕಡೆ ಓಡುವುದು) ಅಂತೂ ಅಬಾರ್ಟ್ ಬಂದರೆ ಏನನ್ನೂ ಹುಡುಕದೆ ‘ನಿಲ್ಲಿಸಲಾಗಲಿಲ್ಲ’ ಎಂದು ಉತ್ತರ ಕೊಟ್ಟು ಕಳಿಸುತ್ತದೆ. ಕ್ಯಾನ್ಸಲ್ ಹಾಗಲ್ಲ, ರೀಡ್ ಹೋದ ಕ್ಯೂನಲ್ಲೇ ಅದರ ಹಿಂದೆ ಹೋಗುತ್ತದೆ.

ಪರೀಕ್ಷೆಗೆ ವರ್ಚುವಲ್ ಮಷಿನ್‌ನಲ್ಲೇ ಟಾರ್ಗೆಟ್ ಕೂರಿಸಿ, 4420 ಪೋರ್ಟ್‌ನಲ್ಲಿ ಕನೆಕ್ಟ್ ಮಾಡಿದೆ. ಟಾರ್ಗೆಟ್‌ನ ಕೆಳಗೆ ಡಿಎಂ-ಡಿಲೇ (ಡಿಸ್ಕಿನ ಕೆಲಸವನ್ನು ಬೇಕೆಂದೇ ತಡಮಾಡುವ ಪದರ) ಹಾಕಿ, ಡಿಸ್ಕಿನ ಒಂದು ತುಣುಕನ್ನು ಓದಿದರೆ ಮಾತ್ರ 45 ಸೆಕೆಂಡ್ ತಡವಾಗುವಂತೆ ಮಾಡಿದೆ. ಮೊದಲು ಆ ತುಣುಕು ಡಿಸ್ಕಿನ ಆರಂಭದಲ್ಲೇ ಇತ್ತು. ಕರ್ನಲ್ ಪಾರ್ಟಿಷನ್ ಟೇಬಲ್ ಓದಲು ಹೋಗುವುದೇ ಅಲ್ಲಿಗೆ, ಹಾಗಾಗಿ ಕನೆಕ್ಟ್ ಆಗುತ್ತಲೇ ಸಿಕ್ಕಿಕೊಂಡಿತು. ನಡುವಿಗೆ ಸರಿಸಿದ ಮೇಲೆ ಸರಿಹೋಯಿತು.

ನಿನ್ನೆ ರಾತ್ರಿಯ ಪ್ಯಾಚ್‌ನಲ್ಲಿ ಕ್ಯಾನ್ಸಲ್‌ಗೆ ಉತ್ತರ ಬಂದ ತಕ್ಷಣ ಮೂಲ ರೀಡನ್ನೂ ಮುಗಿಸಿಬಿಡುತ್ತಿದ್ದೆ. 30ನೇ ಸೆಕೆಂಡಿಗೆ ಕ್ಯಾನ್ಸಲ್ ಹೋಯಿತು, ಉತ್ತರ ಬಂತು, ರೀಡ್ ಎರರ್‌ನೊಂದಿಗೆ ಮುಗಿಯಿತು. ಪಕ್ಕದಲ್ಲಿ ಬೇರೆ ರೀಡ್‌ಗಳು ಓಡುತ್ತಲೇ ಇದ್ದವು. ಸರಿಯಾಗಿ 45ನೇ ಸೆಕೆಂಡಿಗೆ ಲಾಗ್‌ನಲ್ಲಿ ‘ಜೆನ್‌ಸಿಟಿಆರ್ ಮಿಸ್‌ಮ್ಯಾಚ್’ ಎಂಬ ಸಾಲು, ಹಿಂದೆಯೇ ಕನೆಕ್ಷನ್ ಹೋಯಿತು.

ಆ ಸಾಲನ್ನು ನೋಡಿ ಎದೆ ಧಸಕ್ಕೆಂದಿತು. ಕಮಾಂಡ್ ಐಡಿಯ 16 ಬಿಟ್‌ಗಳಲ್ಲಿ 12 ಟ್ಯಾಗ್‌ಗೆ (ಕಮಾಂಡ್ ಕೂರುವ ಜಾಗದ ಸಂಖ್ಯೆ), ಮೇಲಿನ 4 ಪೀಳಿಗೆಯ ಎಣಿಕೆಗೆ, ಅಂದರೆ ಜೆನ್‌ಸಿಟಿಆರ್‌ಗೆ; ಟ್ಯಾಗ್ ಮರುಬಳಕೆಯಾದಾಗಲೆಲ್ಲ ಅದು ಒಂದು ಏರುತ್ತದೆ. ನಾನು ಮುಗಿಸಿಬಿಟ್ಟಿದ್ದ ರೀಡ್‌ನ ಟ್ಯಾಗನ್ನು ಅಷ್ಟರಲ್ಲಿ ಇನ್ನೊಂದು ರೀಡ್ ತೆಗೆದುಕೊಂಡಿತ್ತು. ಹಳೆಯ ಡೇಟಾ ಆ ಹೊಸ ರೀಡ್‌ನ ಬಫರ್‌ಗೆ (ಡೇಟಾ ಬಂದು ಕೂರುವ ಮೆಮೊರಿಗೆ) ಬೀಳುವುದರಲ್ಲಿತ್ತು, ಎಣಿಕೆ ತಾಳೆಯಾಗದ್ದರಿಂದ ಉಳಿಯಿತು. ಅದೇ ಟ್ಯಾಗ್ 16 ಸಲ ಮರುಬಳಕೆಯಾದರೆ ಎಣಿಕೆ ಸುತ್ತಿ ಮೊದಲಿನ ಜಾಗಕ್ಕೇ ಬರುತ್ತದೆ. ಆಗ ಯಾರೋ ಓದಿದ ಫೈಲಿನಲ್ಲಿ ಇನ್ಯಾವುದೋ ಡೇಟಾ, ಲಾಗ್‌ನಲ್ಲಿ ಒಂದಕ್ಷರವೂ ಇಲ್ಲ.

ತಪ್ಪಿದ್ದದ್ದು ನನ್ನ ತಿಳುವಳಿಕೆಯಲ್ಲಿ. ಕ್ಯಾನ್ಸಲ್ ಅನ್ನುವುದು ಕೋರಿಕೆ. ಅದರ ಉತ್ತರದಲ್ಲಿ ಎಷ್ಟು ಕಮಾಂಡ್ ಆಗಲೇ ನಿಂತವು, ಎಷ್ಟು ಮುಂದೆ ನಿಲ್ಲಬಹುದು ಎಂಬ ಎರಡು ಸಂಖ್ಯೆಗಳಿರುತ್ತವೆ, ಅಷ್ಟೇ. ರೀಡ್ ಆಗಲೇ ಕೆಳಗಿನ ಡಿಸ್ಕಿಗೆ ಇಳಿದಿದ್ದರೆ ಟಾರ್ಗೆಟ್‌ಗೂ ಅದನ್ನು ವಾಪಸ್ ಕರೆಯಲಾಗದು. ಕಾವಲಿಗೆ ಬಿದ್ದ ಹಿಟ್ಟನ್ನು ಮತ್ತೆ ಪಾತ್ರೆಗೆ ತುಂಬಲಾದೀತೇ? ಮೂಲ ರೀಡ್‌ನ ಸ್ವಂತ ಉತ್ತರ ಬರುವತನಕ ಅದರ ಬಫರ್ ನಮ್ಮದಲ್ಲ.

ಬೆಳಿಗ್ಗೆ, ಮೂಲ ರೀಡನ್ನು ಮುಗಿಸಿಬಿಡುತ್ತಿದ್ದ ಆ ಆರು ಸಾಲು ಕೋಡ್ ಅಳಿಸಿದೆ. ಈಗ ಕ್ಯಾನ್ಸಲ್‌ನ ಉತ್ತರ ಮೂಲ ರೀಡನ್ನು ಮುಟ್ಟುವುದೇ ಇಲ್ಲ, ಟೈಮರನ್ನು ಇನ್ನೊಂದು ಸುತ್ತು ಬಿಡುತ್ತೇನೆ. ಎರಡನೇ ಸಲವೂ ಸಮಯ ಮೀರಿದರೆ ಮಾತ್ರ ಹಳೆಯ ದಾರಿ, ಕನೆಕ್ಷನ್ ಕೀಳುವುದು.

ಮತ್ತೆ ಓಡಿಸಿದೆ. ಉತ್ತರದಲ್ಲಿ ಎರಡೂ ಸಂಖ್ಯೆ ಸೊನ್ನೆ. 45ನೇ ಸೆಕೆಂಡಿಗೆ ರೀಡ್ ಡೇಟಾದೊಂದಿಗೆ ಬಂತು, ಕನೆಕ್ಷನ್ ಅಲುಗಲಿಲ್ಲ. ಆಮೇಲೆ ಡಿಸ್ಕಿಗೆ ಇಳಿಸುವ ಮುನ್ನ ಟಾರ್ಗೆಟ್‌ನಲ್ಲೇ ರೀಡನ್ನು ಹಿಡಿದಿಟ್ಟು ನೋಡಿದೆ. ಈ ಸಲ ನಿಂತವು ಒಂದು, ರೀಡ್ ಕೂಡ ಅಬಾರ್ಟ್ ಸ್ಟೇಟಸ್ ಹೊತ್ತು 30ನೇ ಸೆಕೆಂಡಿಗೇ ಮರಳಿತು.

ಕ್ಯಾನ್ಸಲ್ ಮತ್ತು ರೀಡ್‌ನ ಉತ್ತರ ಒಂದೇ ಕ್ಷಣಕ್ಕೆ ಬಂದರೆ ಏನಾಗುತ್ತದೆ ಎಂಬುದು ಬಾಕಿ. ತಡವನ್ನು 45ರಿಂದ 30 ಸೆಕೆಂಡಿಗೆ ಇಳಿಸಿ, ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಕಾಸನ್ ಆನ್ ಮಾಡಿ, ರಾತ್ರಿಯಿಡೀ ಓಡಲು ಬಿಟ್ಟಿದ್ದೇನೆ.