ಬೆಂಗಳೂರಿಗೆ ಬಂದು ಬಿರುಕುಬಿಟ್ಟ ಹಡಗು

ಕಳೆದ ಫೆಬ್ರವರಿಯ ಒಂದು ಶನಿವಾರ ಸಂಜೆ ಮೇಜಿನ ದೀಪ ಹಾಕಿ, ಹಡಗಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ಸರಿಸಿದಾಗ ಅದರ ಬಲಪಕ್ಕೆಯ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಗಳು ಕಂಡವು. ಪೆನ್ಸಿಲಿನ ಗುರುತು ಉಳಿದಿರಬೇಕೆಂದು ಬೆರಳಿನಿಂದ ಒರೆಸಿದೆ. ಉಗುರು ಗೆರೆಯೊಳಗೆ ಸಿಕ್ಕಿಕೊಂಡಿತು. ಎರಡು ಮಳೆಗಾಲ ಕೂತು ಒಂದೊಂದೇ ಅಂಟಿಸಿದ್ದ ಹಲಗೆಗಳು ಪರಸ್ಪರ ಬಿಟ್ಟುಕೊಂಡಿದ್ದವು.

ಅದು ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆಯ ಮಾದರಿ. ಬ್ರಿಟಿಷ್ ನೌಕಾಪಡೆಗಾಗಿ ಮುಂಬಯಿಯಲ್ಲಿ, ಜಮ್ಶೆಡ್ಜಿ ಬೊಮನ್ಜಿ ವಾಡಿಯಾ ಅವರ ಮೇಲ್ವಿಚಾರಣೆಯಲ್ಲಿ, ಮಲಬಾರಿನ ತೇಗದಿಂದ ಕಟ್ಟಿದ ಆ ಹಡಗು 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಅದು ಇಂದಿಗೂ ತೇಲುತ್ತಿದೆ. ಅದರ ನಕ್ಷೆಗಳನ್ನು ಮೊದಲು ಹೊತ್ತು ಹೊರಟ ‘ಜಾವಾ’ ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಸೋಲಿಸಿ ಸುಟ್ಟಿತು. ಇನ್ನೊಂದು ಪ್ರತಿ ಬರುವವರೆಗೆ ಮುಂಬಯಿಯ ಕೆಲಸಗಾರರು ಕಾಯಬೇಕಾಯಿತು. ಹಡಗಿನ ತಳದ ಉದ್ದಕ್ಕೂ ಬೆನ್ನೆಲುಬಿನಂತೆ ಹಾಯುವ ದಿಮ್ಮಿಯನ್ನು, ಅಂದರೆ ಕೀಲ್ ಅನ್ನು, ಇಡುವಾಗ ಪಾರ್ಸಿ ಸಂಪ್ರದಾಯದಂತೆ ಅದಕ್ಕೊಂದು ಬೆಳ್ಳಿಯ ಮೊಳೆ ಹೊಡೆದರೆಂದು ಓದಿದ್ದೆ. ನಾನೂ ಅಮ್ಮನ ಹಳೆಯ ಕಾಲ್ಗೆಜ್ಜೆಯಿಂದ ಸಾಸಿವೆಯಷ್ಟು ತಂತಿ ಕತ್ತರಿಸಿ ನನ್ನ ಹಡಗಿನ ಕೀಲ್‌ಗೆ ಕೂರಿಸಿದ್ದೆ.

ನಾನು ಆರಿಸಿಕೊಂಡ ಅಳತೆ 1:96. ನಮ್ಮ ಆಚಾರಿಗಳ ಲೆಕ್ಕದಲ್ಲಿ ಹೇಳುವುದಾದರೆ ಹಡಗಿನ ಒಂದು ಅಡಿ ನನ್ನ ಮೇಜಿನ ಮೇಲೆ ಒಂದು ನೂಲು, ಅಂದರೆ ಇಂಚಿನ ಎಂಟರಲ್ಲೊಂದು ಭಾಗ. ನಲವತ್ತು ಅಡಿಯ ಅಗಲ ಐದು ಇಂಚಿಗೆ ಇಳಿಯುತ್ತದೆ. ಇಪ್ಪತ್ತೈದು ಅಡಿಯ ಹಲಗೆ ಮೂರು ಇಂಚಿಗಿಂತ ತುಸು ಹೆಚ್ಚು. ಇಷ್ಟು ಸಣ್ಣ ಅಳತೆಗೆ ತೇಗ ಒಗ್ಗುವುದಿಲ್ಲ, ಏಕೆಂದರೆ ಅದರ ನಾರು ಒರಟು. ಒಂದೊಂದು ರಂಧ್ರವೂ ಹಲಗೆಯ ಮೇಲೆ ಗುಂಡಿಯಂತೆ ಕಾಣುತ್ತದೆ. ಅದಕ್ಕಾಗಿ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರವನ್ನು ತರಿಸಿದ್ದೆ. ನುಣುಪಾದ, ದಂತದ ಬಣ್ಣದ ಆ ಮರವನ್ನು ಪಟ್ಟಿಗಳಾಗಿ ಸೀಳಿ, ಬಿಸಿನೀರಿನಲ್ಲಿ ನೆನೆಸಿ, ಇಸ್ತ್ರಿಪೆಟ್ಟಿಗೆಯ ಅಂಚಿಗೆ ಒತ್ತಿ ಬಗ್ಗಿಸುವಾಗ ಅದು ಕೊಡುವ ಸಮಾಧಾನ ನನಗೆ ಬೇರಾವ ಕೆಲಸದಲ್ಲೂ ಸಿಕ್ಕಿಲ್ಲ.

ಆದರೆ ಆ ಪಟ್ಟಿಗಳನ್ನು ಸೀಳಿದ್ದೂ ಅಂಟಿಸಿದ್ದೂ ಮಂಗಳೂರಿನಲ್ಲಿ, ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದ ಮನೆಯಲ್ಲಿ. ಗಾಳಿಯ ಆರ್ದ್ರತೆ ಶೇ. 85ರ ಆಸುಪಾಸಿನಲ್ಲಿರುವಾಗ ಮರ ತನ್ನ ಒಣತೂಕದ ಸುಮಾರು ಶೇ. 18ರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಆರ್ದ್ರತೆ ಶೇ. 40ಕ್ಕೆ ಇಳಿದರೆ ಅದು ಏಳೆಂಟಕ್ಕೆ ಬರುತ್ತದೆ. ನೀರು ಹೋದಂತೆ ಮರ ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಕುಗ್ಗುವುದೆಲ್ಲ ಅಗಲದಲ್ಲಿ. ನಾಲ್ಕು ಇಂಚಿನ ಒಂದು ಪಕ್ಕೆಗೆ ಒಟ್ಟು ಎರಡು ಮಿಲಿಮೀಟರಿನಷ್ಟು ಜಾಗ ತೆರೆದುಕೊಳ್ಳಲು ಇಷ್ಟೇ ಸಾಕು. ಕೆಲಸ ಬದಲಾಗಿ ಬೆಂಗಳೂರಿಗೆ ಬಂದಾಗ ಹಡಗನ್ನು ಮಡಿಲಲ್ಲಿ ಇಟ್ಟುಕೊಂಡು ರೈಲಿನಲ್ಲಿ ತಂದಿದ್ದೆ. ಅದಕ್ಕೆ ಒಂದು ಗೀರೂ ಬೀಳದಂತೆ ಕಾಯ್ದಿದ್ದ ನನಗೆ ಗಾಳಿಯ ನೆನಪೇ ಬಂದಿರಲಿಲ್ಲ.

ಆ ರಾತ್ರಿ ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಸಂದಿ ತುಂಬಿಬಿಡೋಣ ಎನಿಸಿತು. ಮೇಲೆ ಬಣ್ಣ ಬಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಹಾಕುವ ಮೊದಲು, ಮಂಗಳೂರಿನ ಧಕ್ಕೆಯಲ್ಲಿ ವರ್ಷಗಟ್ಟಲೆ ಮಂಜಿಗಳನ್ನು, ಅಂದರೆ ಸರಕು ಸಾಗಿಸುವ ಮರದ ಹಡಗುಗಳನ್ನು, ದುರಸ್ತಿ ಮಾಡಿದ ಒಬ್ಬ ಹಿರಿಯ ಆಚಾರಿಗೆ ಫೋನು ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಮಳೆಗಾಲದಲ್ಲಿ ಬಾಗಿಲು ಬಿಗಿ ಆಗ್ತದೆ, ಬೇಸಗೆಯಲ್ಲಿ ಸಡಿಲ ಆಗ್ತದೆ, ಅಷ್ಟೇ ಅಲ್ವಾ ಮಾರಾಯ್ರೆ? ಮಂಜಿಯಾದರೆ ಸಂದಿಗೆ ಹತ್ತಿ ಬಡಿದು ನೀರಿಗೆ ಇಳಿಸ್ತೇವೆ, ಹಲಗೆ ಉಬ್ಬಿ ತಾನೇ ಕೂತುಕೊಳ್ತದೆ. ನಿಮ್ಮದು ನೀರಿಗೆ ಇಳಿಯುವ ಹಡಗು ಅಲ್ಲವಲ್ಲ” ಎಂದರು. ಸಂದಿ ತುಂಬಿದರೇನಾಗುತ್ತದೆ ಎಂದು ಕೇಳಿದೆ. “ಮುಂದಿನ ಮಳೆಗೆ ಮರಕ್ಕೆ ಉಬ್ಬಲು ಜಾಗ ಬೇಡವಾ? ಎದ್ದು ಬರ್ತದೆ” ಎಂದರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಹಲಗೆ ಕೀಳಲು ಕುಳಿತೆ. ಒಣಗಿದ ಫೆವಿಕಾಲ್ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಮೆತ್ತಗಾಗುತ್ತದೆ. ಸಣ್ಣ ಕುಂಚದಿಂದ ಸಂದಿಗೆ ಅದನ್ನು ಹಚ್ಚಿ, ಹತ್ತು ನಿಮಿಷ ಬಿಟ್ಟು, ತೆಳ್ಳನೆಯ ಬ್ಲೇಡನ್ನು ಹಲಗೆಯ ಅಡಿಗೆ ತೂರಿಸಿ ಮೆಲ್ಲಗೆ ಮೀಟಬೇಕು. ಅಂಟು ಮೊದಲು ಹಾಲಿನಂತೆ ಬಿಳಿಚಿಕೊಂಡು, ಆಮೇಲೆ ಎಳೆಎಳೆಯಾಗಿ ಬಿಡುತ್ತದೆ. ಅವಸರ ಮಾಡಿದರೆ ಹಲಗೆಯ ಜೊತೆ ಒಳಗಿನ ಪ್ಲೈವುಡ್ಡಿನ ಪದರವೂ ಕಿತ್ತು ಬರುತ್ತದೆ. ಮೊದಲ ಮೂರು ಹಲಗೆಗಳಲ್ಲಿ ಹಾಗೆಯೇ ಆಯಿತು. ಮುಂಭಾಗದ ತಿರುವಿನ ಹಲಗೆಗಳನ್ನು ತೆಗೆಯುವಾಗ ಸಂಕಟವಾಯಿತು. ಅವುಗಳಲ್ಲಿ ಒಂದನ್ನು ಬಗ್ಗಿಸಲು ನಾಲ್ಕು ಬಾರಿ ಸೋತು ಐದನೆಯ ಸಲ ಗೆದ್ದಿದ್ದೆ, ಅದು ಬಿಡಿಸಿಟ್ಟ ಮೇಲೂ ಅದೇ ಬಾಗನ್ನು ಹಾಗೆಯೇ ಉಳಿಸಿಕೊಂಡಿತ್ತು. ಸಂಜೆ ಆರಕ್ಕೆ ಎರಡೂ ಪಕ್ಕೆಗಳು ಬೋಳಾಗಿ ಅಡ್ಡಪಟ್ಟಿಗಳಷ್ಟೇ ಎಲುಬಿನಂತೆ ನಿಂತಿದ್ದವು. ಕೀಲ್‌ನಲ್ಲಿ ಬೆಳ್ಳಿಯ ಚುಕ್ಕಿ ಇದ್ದಲ್ಲಿಯೇ ಇತ್ತು.

ಹೊಸದಾಗಿ ಸೀಳಿದ ಆಲೆ ಪಟ್ಟಿಗಳನ್ನು ನಡುವೆ ಗಾಳಿಯಾಡುವಂತೆ ಕಡ್ಡಿಗಳಿಟ್ಟು ಜೋಡಿಸಿ, ಹಡಗು ನಿಲ್ಲುವ ಕೋಣೆಯಲ್ಲಿಯೇ ಇಟ್ಟೆ. ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ಕಟ್ಟನ್ನು ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದೆ: 240 ಗ್ರಾಂ, 233, 229, 227, 226. ಅನಂತರದ ಮೂರು ಭಾನುವಾರವೂ 226 ಬಂದಾಗ, ಕೀಲ್‌ಗೆ ತಾಗಿ ಕೂರುವ ಮೊದಲ ಹಲಗೆಯನ್ನು ಅಳೆದು ಕತ್ತರಿಸಿದೆ.