ಒಂದು ಗಂಟೆಯ ಗಡುವು

11 ಜೂನ್ 2025, ಬುಧವಾರ

ಬೆಳಿಗ್ಗೆಯಿಂದ ಒಂದೇ ಸಾಲಿನ ಮುಂದೆ ಕೂತಿದ್ದೇನೆ. ತಿದ್ದಲು ಬಂದಿರುವ ಅನುವಾದದ ಕರಡಿನಲ್ಲಿ ಹೀಗಿದೆ: "ಗೋಡೆ ನೋಡಿದ ಅಪ್ಪ ಮಕ್ಕಳಿಗೆ ಗಲಭೆ ಕಾಯ್ದೆ ಓದಿ ಹೇಳಿದ." ಮೂಲದಲ್ಲಿದ್ದದ್ದು 'ರೀಡ್ ದ ರಾಯಟ್ ಆಕ್ಟ್', ಇನ್ನು ಸಾಕು ನಿಲ್ಲಿಸಿ ಎಂದು ಗದರಿಸಿ ಎಚ್ಚರಿಸುವುದಕ್ಕೆ ಇಂಗ್ಲಿಷಿನ ನುಡಿಗಟ್ಟು. ಅನುವಾದಕನಿಗೆ ಫೋನ್ ಮಾಡಿದೆ. "ಅಕ್ಕಾ, ಮಂಗಳಾರತಿ ಎತ್ತಿದ ಅಂತ ಹಾಕಿಬಿಡಲಾ?" ಅಂದ. ತಡಿಯಪ್ಪಾ, ಅಂದೆ.

ಈ ಮಾತಿನ ಹಿಂದೆ ನಿಜವಾದ ಕಾಯ್ದೆಯೇ ಇತ್ತು. ಒಂದನೇ ಜಾರ್ಜ್ ಪಟ್ಟಕ್ಕೆ ಬಂದ ಹೊಸದರಲ್ಲಿ ಇಂಗ್ಲೆಂಡಿನ ಊರೂರಲ್ಲಿ ದೊಂಬಿ. ಅದನ್ನು ಅಡಗಿಸಲು ತಂದ ಕಾಯ್ದೆ 1715ರ ಆಗಸ್ಟ್‌ನಲ್ಲಿ ಜಾರಿಯಾಯಿತು. ಹನ್ನೆರಡು ಅಥವಾ ಹೆಚ್ಚು ಜನ ಗುಂಪುಕಟ್ಟಿ ಗಲಾಟೆ ಎಬ್ಬಿಸಿದರೆ ಮ್ಯಾಜಿಸ್ಟ್ರೇಟ್ ಎದುರು ನಿಂತು ಗಟ್ಟಿಯಾಗಿ ಓದಬೇಕು: ಎಲ್ಲರೂ ಈಗಿಂದೀಗಲೇ ಚದುರಿ, ಶಾಂತವಾಗಿ ಮನೆಗೋ ಕೆಲಸಕ್ಕೋ ಹೋಗತಕ್ಕದ್ದು. ಕೊನೆಗೆ, 'ದೇವರು ದೊರೆಯನ್ನು ಕಾಪಾಡಲಿ'. ಈ ಕೊನೆಯ ಸಾಲು ಬಿಟ್ಟುಹೋಯಿತೆಂದು 1830ರ ಮೊಕದ್ದಮೆಯೊಂದರಲ್ಲಿ ಓದಿದ್ದೇ ಸಿಂಧುವಾಗಲಿಲ್ಲ! ಓದಿ ಒಂದು ಗಂಟೆ ಕಳೆದರೂ ಕದಲದವರಿಗೆ ಮರಣದಂಡನೆ. ಚದುರಿಸುವಾಗ ಯಾರಾದರೂ ಸತ್ತರೆ ಚದುರಿಸಿದವರ ಮೇಲೆ ತಪ್ಪಿಲ್ಲ.

1819ರ ಆಗಸ್ಟ್ 16, ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನ. ಮತದ ಹಕ್ಕು ಕೇಳಲು ಹೆಂಗಸರು ಮಕ್ಕಳೂ ಸೇರಿ ಸುಮಾರು 60,000 ಮಂದಿ ಬಂದಿದ್ದರು. ಮನೆಯೊಂದರ ಕಿಟಕಿಯಿಂದ ಓದಿದೆವು ಎಂದು ಅಧಿಕಾರಿಗಳು ಆಮೇಲೆ ಹೇಳಿದರು. ಅಷ್ಟು ದೊಡ್ಡ ಮೈದಾನದಲ್ಲಿ ಅದು ಯಾರ ಕಿವಿಗೆ ಬಿದ್ದೀತು? ಗಂಟೆ ಕಳೆಯುವುದಕ್ಕೂ ಕಾಯದೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಹತ್ತಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಗಾಯಗೊಂಡರು. ಇಷ್ಟು ನೆತ್ತರು ಕಂಡ ಮಾತು ಈಗ ಮನೆಮಕ್ಕಳನ್ನು ಗದರಿಸಲು ಬಳಕೆಯಾಗುತ್ತದೆ ಅನ್ನುವುದು ನನಗೆ ಬೆಳಿಗ್ಗೆಯಿಂದ ಕೊರೆಯುತ್ತಲೇ ಇದೆ.

ಮಂಗಳಾರತಿ ಬೇಡ ಅನ್ನಿಸಿದ್ದು ಇದಕ್ಕೇ. ಅದು ಆಗಿಹೋದದ್ದಕ್ಕೆ ಬೀಳುವ ಬೈಗುಳ. ಇಂಗ್ಲಿಷಿನ ಮಾತಿನಲ್ಲಿ ಬೈಗುಳದ ಜೊತೆ ಗಡುವೂ ಇದೆ: ಇಲ್ಲಿಗೆ ನಿಲ್ಲಿಸಿ, ಮುಂದಿನದಕ್ಕೆ ನಾನು ಹೊಣೆಯಲ್ಲ. 'ತರಾಟೆಗೆ ತಗೊಂಡ'ದಲ್ಲೂ ಆ ಗಡುವು ಸಿಗಲಿಲ್ಲ.

ಸಂಜೆ ಕರಡಿನ ಅಂಚಿನಲ್ಲಿ ಬರೆದೆ: "ಗೋಡೆ ನೋಡಿದ ಅಪ್ಪ, 'ಇದೇ ಕೊನೆ, ಇನ್ನೊಂದು ಗೀಟು ಬಿತ್ತೋ, ಆಮೇಲಿದೆ ನಿಮಗೆ' ಎಂದು ಮಕ್ಕಳ ಚಳಿ ಬಿಡಿಸಿದ." ಉದ್ದವಾಯಿತು. ಇರಲಿ, ನಾಳೆ ಅವನಿಗೆ ಓದಿ ಹೇಳುತ್ತೇನೆ.