ಅಟ್ಟ ಕೆಳಗೆ ಇಳಿದಿದೆಯಂತೆ

ಹಾಸನ, 9 ಡಿಸೆಂಬರ್ 2024, ಸೋಮವಾರ

ಅರ್ಧ ದಿನ ರಜೆ ಹಾಕಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಮೇಲಿನ ಎಡಗಡೆಯ ದವಡೆ ಹಲ್ಲು ಕೀಳಿಸಿ ಆರು ವರ್ಷ ಆಯಿತು. ಬೇಗ ಬೇರೆ ಹಲ್ಲು ಹಾಕಿಸಿಕೊಳ್ಳಿ ಅಂತ ಆಗಲೇ ಹೇಳಿದ್ದರು. "ಮುದ್ದೆ ನುಂಗೋರಿಗೆ ಹಲ್ಲು ಯಾಕೋ" ಅಂತ ಅಣ್ಣ ಬೇರೆ ತಮಾಷೆ ಮಾಡಿದ್ದ. ಮುದ್ದೆ ಸರಿ, ಪಕ್ಕದ ನಾಟಿ ಕೋಳಿ?

ಹೋದ ತಿಂಗಳು ಬೇರೊಂದು ಕ್ಲಿನಿಕ್‌ನಲ್ಲಿ ಇಡೀ ದವಡೆ ಕಾಣುವ ಓಪಿಜಿ ಎಕ್ಸ್‌ರೇ ತೆಗೆದು, "ಶುಕ್ರವಾರ ಬನ್ನಿ, ಇಂಪ್ಲಾಂಟ್ ಕೂರಿಸೋಣ" ಅಂದಿದ್ದರು. ಇಂಪ್ಲಾಂಟ್ ಅಂದರೆ ಮೂಳೆಗೆ ಕೂರಿಸುವ ಸ್ಕ್ರೂ, ಅದರ ಮೇಲೆ ಹೊಸ ಹಲ್ಲು. ಅಷ್ಟು ಸಲೀಸಾಗಿ ಹೇಳಿದ್ದಕ್ಕೇ ನನಗೆ ಅನುಮಾನ ಬಂತು. ಇವತ್ತಿನ ಡಾಕ್ಟರಮ್ಮ ಅದೇ ಫಿಲ್ಮನ್ನು ಬೆಳಕಿಗೆ ಹಿಡಿದು, "ಇದು ಚಪ್ಪಟೆ ಚಿತ್ರ ಸರ್. ಮೂಳೆ ಎಷ್ಟು ಅಗಲ ಇದೆ ಅಂತ ಇದರಲ್ಲಿ ಗೊತ್ತಾಗಲ್ಲ. ಸಿಬಿಸಿಟಿ ಮಾಡಿಸ್ಕೊಂಡು ಬನ್ನಿ" ಅಂದರು. ಅದು ದವಡೆಯನ್ನು ಪದರ ಪದರವಾಗಿ ತೋರಿಸುವ 3ಡಿ ಸ್ಕ್ಯಾನ್. ಬಿ.ಎಂ. ರಸ್ತೆಯಲ್ಲಿ ಮಾಡಿಸಿದೆ. ಗದ್ದ ಊರಿ ಅಲ್ಲಾಡದೆ ನಿಂತೆ, ಯಂತ್ರ ತಲೆ ಸುತ್ತ ತಿರುಗಿತು, ಅಷ್ಟೇ.

ಆಮೇಲೆ ಸ್ಕ್ರೀನ್ ಮೇಲೆ ನನ್ನದೇ ದವಡೆ. ಹಲ್ಲಿನ ಬೇರುಗಳ ಮೇಲೆ, ಕೆನ್ನೆಯ ಹಿಂದೆ ಮೇಲ್ದವಡೆಯ ಮೂಳೆಯೊಳಗೆ ಕಪ್ಪಗೆ ಒಂದು ಗೂಡು. ಅದೇ ಸೈನಸ್, ಬರೀ ಗಾಳಿ. ಹಲ್ಲು ಹೋದ ಜಾಗದಲ್ಲಿ ಮೂಳೆ ಸವೆಯುತ್ತದೆ, ಸೈನಸ್ ನಿಧಾನಕ್ಕೆ ಕೆಳಗೆ ಇಳಿಯುತ್ತದೆ. ನಮ್ಮೂರ ಹಳೇ ಮನೆಯ ಅಟ್ಟ ನೆನಪಾಯಿತು. ಕೆಳಗಿನ ಕಂಬ ತೆಗೆದರೆ ಅಟ್ಟ ಜಗ್ಗುತ್ತದಲ್ವಾ, ಹಾಗೆ. ನನಗೆ ಉಳಿದಿರುವ ಮೂಳೆಯ ಎತ್ತರ 4 ಮಿಲಿಮೀಟರ್. ಹಾಕಬೇಕಾದ ಸ್ಕ್ರೂ 10 ಮಿಲಿಮೀಟರ್. ಶುಕ್ರವಾರ ಹೋಗಿದ್ದರೆ ಸ್ಕ್ರೂ ಅಟ್ಟ ತೂತು ಮಾಡಿಕೊಂಡು ಒಳಗೇ ಸೇರಿಕೊಳ್ಳಬಹುದಿತ್ತು. ಹಾಗಾಗುವುದೂ ಉಂಟಂತೆ.

ಇನ್ನೊಂದು ವಿಚಿತ್ರ ಕಂಡಿತು. ಡಾಕ್ಟರಮ್ಮ ಮೌಸ್ ಉರುಳಿಸುತ್ತಾ ಒಂದೊಂದೇ ಪದರ ದಾಟುತ್ತಿದ್ದರು. ಕಪ್ಪು ಗೂಡಿನ ನಡುವೆ ಬೆಳ್ಳಗೆ ತೆಳು ಗೆರೆಯೊಂದು ಎದ್ದು ನಿಂತಿತು. ಮೂಳೆಯ ಅಡ್ಡಗೋಡೆ. ಬಲಗಡೆ ಸೈನಸ್‌ನಲ್ಲಿ ಅದಿಲ್ಲ! ಒಂದೇ ಮುಖ, ಎರಡು ಕಡೆ ಎರಡು ನಕ್ಷೆ. 1910ರಲ್ಲೇ ಅಂಡರ್‌ವುಡ್ ಅನ್ನುವವರು ಇಂಥ ಗೋಡೆಗಳ ಬಗ್ಗೆ ಬರೆದಿದ್ದಾರೆ, ಅವರ ಹೆಸರಲ್ಲೇ ಕರೆಯುವುದೂ ಇದೆ.

ಗೋಡೆ ಇದ್ದರೆ ಏನು ತೊಂದರೆ ಅಂದೆ. ಮೂಳೆ ಸಾಲದವರಿಗೆ ಪಕ್ಕದಿಂದ ಸಣ್ಣ ಕಿಟಕಿ ಕೊರೆದು, ಸೈನಸ್ ಒಳಗಿನ ಪೊರೆಯನ್ನು ಮೆಲ್ಲಗೆ ಮೇಲಕ್ಕೆ ಎತ್ತಿ, ಕೆಳಗೆ ಮೂಳೆಪುಡಿ ತುಂಬುತ್ತಾರೆ. ಪೊರೆ ಮೊಟ್ಟೆ ಚಿಪ್ಪಿನೊಳಗಿನ ಪೊರೆಯಂತೆ, ಗೋಡೆ ಇರುವ ಕಡೆ ಹರಿಯುವುದು ಜಾಸ್ತಿ. ಮೊದಲೇ ಗೊತ್ತಿದ್ದರೆ ಗೋಡೆಯ ಎರಡೂ ಬದಿ ಎರಡು ಕಿಟಕಿ ಮಾಡಬಹುದು. ಕಿಟಕಿ ಕೊರೆಯುವ ಪಕ್ಕದ ಮೂಳೆಯಲ್ಲೇ ರಕ್ತನಾಳವೂ ಹಾಯುತ್ತದೆ. ನನ್ನದು ಸ್ವಲ್ಪ ಮೇಲಿದೆ, ಪುಣ್ಯ.

ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನ ಮುಂದಿನ ಹಲ್ಲು ಅಲ್ಲಾಡುತ್ತಿದೆ. "ನಂದು ಮುಂದಿದೆ, ಅಲ್ಲಿ ಸೈನಸ್ ಎಲ್ಲಿಂದ ಬರುತ್ತೆ" ಅಂದ. ಮುಂದಿನ ಹಲ್ಲುಗಳ ಹಿಂದೆ, ಅಂಗುಳಲ್ಲಿ ನರ ಹಾಯುವ ಕೊಳವೆ ಇದೆ, ಅದೂ ಒಬ್ಬೊಬ್ಬರಿಗೆ ಒಂದೊಂದು ಅಗಲ ಅಂದೆ. ಸುಮ್ನಾದ.

ಸಂಕ್ರಾಂತಿ ಕಳೆದ ಮೇಲೆ ಮೂಳೆ ತುಂಬುತ್ತಾರೆ. ಅದು ಗಟ್ಟಿಯಾಗಲು ಆರು ತಿಂಗಳಾದರೂ ಬೇಕು, ಸ್ಕ್ರೂ ಆಮೇಲೆ. ಈ ಸಲದ ಕಬ್ಬನ್ನೂ ಬಲಗಡೆಯಲ್ಲೇ ಕಡಿಯಬೇಕು.